ಹನ್ನೊಂದನೇ ನಂಬರಿನವರು

ಬು ಮುರ್ಯಾತಿ ನಾಟಕದಲ್ಲಿ ಬರೆದಿದ್ದು ಇಷ್ಟೇ. ಜನಗಣತಿಯ ಅಧಿಕಾರಿ ಬಾಗಿಲಲ್ಲಿ ನಿಂತು, "ಈ ಮನೆಯ ಯಜಮಾನರು ಯಾರು?" ಎಂದು ಕೇಳುತ್ತಾನೆ. ಮನೆಯ ಮುದುಕ "ನಾನೇ ಸ್ವಾಮಿ" ಅನ್ನುತ್ತಾನೆ. ಗುರುವಾರ ಸಂಜೆ ಒಲೆ ಆರಿಸಿ, ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತು ನೋಡಿದರೆ, ಮುದುಕ ಬೇರೆಯೇ ಏನೋ ಹೇಳುತ್ತಿದ್ದ.

"ಯಜಮಾನ ನಾನೇ ಸ್ವಾಮಿ. ಆದ್ರೆ ಬೇಗ ಬರ್ಕೊಂಡ್ಬಿಡಿ, ಅವಳು ಪೇಟೆಯಿಂದ ವಾಪಸ್ ಬರೋ ಹೊತ್ತಾಯ್ತು."

ಮುರ್ಯಾತಿಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಕೂತು ಭುಜ ಕುಣಿಯುವ ಹಾಗೆ ನಕ್ಕಳು. ನಗು ಇಳಿದ ಮೇಲೆ, ಇದನ್ನು ಬರೆದವರು ಯಾರು ಎಂಬ ಯೋಚನೆ ಬಂತು.

ಮಲಂಗ್ ಊರಿನಲ್ಲಿ ಹುದುಗಿಸಿದ ಸೋಯಾದ ತೆಂಪೆ ಚಿಪ್ಸ್ ಕರಿಯುವವರ ಗಲ್ಲಿಗಳು ಒಂದರ ಪಕ್ಕ ಒಂದು ಇವೆ. ಮುರ್ಯಾತಿಯದು ಮೂರನೇ ಆರ್‌ಟಿಯ ಗಲ್ಲಿ. ನಲವತ್ತು ಮನೆ ಸೇರಿದರೆ ಒಂದು ಆರ್‌ಟಿ, ಅದಕ್ಕೊಬ್ಬ ಮುಖಂಡ. ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಅಲ್ಲಿಯ ಮರ್ಯಾದೆ. ಪಾಕ್ ಆರ್‌ಟಿ ಅಂದರೆ ಆಯಿತು. ಪ್ರತಿ ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನಕ್ಕೆ ಆರ್‌ಟಿಗಳ ನಡುವೆ ಹಗ್ಗ ಜಗ್ಗಾಟ, ಗೋಣಿಚೀಲದ ಓಟ, ಕೊನೆಗೆ ನಾಟಕ. ಮೂರನೇ ಆರ್‌ಟಿಯ ನಾಟಕವನ್ನು ಒಂಬತ್ತು ವರ್ಷದಿಂದ ಬರೆಯುತ್ತಿರುವವಳು ಮುರ್ಯಾತಿ. ಮೊದಲು ಕೈಯಲ್ಲಿ ಬರೆಯುತ್ತಿದ್ದಳು. ಚಿಪ್ಸ್ ಪೊಟ್ಟಣಕ್ಕೆ ಅಂಟಿಸುವ ಚೀಟಿ ಮುದ್ರಿಸಲೆಂದು ಮನೆಗೆ ಕಂಪ್ಯೂಟರ್ ಬಂದ ಮೇಲೆ ನಾಟಕವೂ ಅದರೊಳಗೆ ಹೋಯಿತು.

ಮನೆಯಲ್ಲಿ ಇರುವವರು ಇಬ್ಬರೇ. ಆದ್ದರಿಂದ ಅನುಮಾನಕ್ಕೂ ಒಬ್ಬನೇ ಸಿಕ್ಕ.

"ಪಾಕ್, ನನ್ನ ನಾಟಕಕ್ಕೆ ಕೈ ಹಾಕಿದ್ರಾ?"

ಗಂಡ ಪಾಕ್ ಸುತಾಜಿ ಮೂವತ್ತೆರಡು ವರ್ಷ ಮಲಂಗ್‌ನಿಂದ ಸುರಬಾಯಕ್ಕೆ ಬಸ್ಸು ಓಡಿಸಿ ನಿವೃತ್ತನಾದವನು. ಚಹಾದ ಲೋಟದಿಂದ ತಲೆ ಎತ್ತಿ, "ನಾನು ಹುಟ್ಟಿದಾಗಿನಿಂದ ಬರೆದಿರೋದು ನನ್ನ ಸಹಿ ಒಂದೇ," ಅಂದ. "ಅದನ್ನೂ ಎರಡು ಸಲ ಬ್ಯಾಂಕಿನವರು ಒಪ್ಪಲಿಲ್ಲ."

ಅವನು ಹೇಳಿದ್ದು ನಿಜವೇ ಇರಬೇಕು ಅನ್ನಿಸಿತು. ಅಷ್ಟು ಒಳ್ಳೆಯ ಮಾತು ಈ ಮನುಷ್ಯನಿಗೆ ಹೊಳೆಯುತ್ತಿದ್ದರೆ ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸಲವಾದರೂ ಬಾಯಿಂದ ಬರುತ್ತಿತ್ತು. ತಾನೇ ಬರೆದು ಮರೆತಿರಬಹುದು, ಬಾಣಲೆಯ ಹೊಗೆ ತಲೆಗೇರಿದಾಗ ಏನೇನೋ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಶನಿವಾರ ಮತ್ತೊಂದು ಮಾತು ಬದಲಾಗಿತ್ತು. ಸೋಮವಾರ ಒಂದು ಉದ್ದದ ಭಾಷಣವೇ ಮಾಯವಾಗಿ, ಅದರ ಜಾಗದಲ್ಲಿ "ಹೂಂ" ಎಂಬ ಒಂದೇ ಒಂದು ಪದ ಉಳಿದಿತ್ತು. ಓದಿ ನೋಡಿದರೆ ಆ "ಹೂಂ" ಭಾಷಣಕ್ಕಿಂತ ನೂರು ಪಾಲು ಮೇಲು. ಇದಂತೂ ತನ್ನ ಕೈಯದಲ್ಲ ಎಂದು ಮುರ್ಯಾತಿಗೆ ಖಾತ್ರಿಯಾಯಿತು. ತಾನು ಬರೆದದ್ದನ್ನು ತಾನೇ ಹೊಡೆದುಹಾಕುವ ಪೈಕಿ ಅವಳಲ್ಲ.

ಆದರೂ ಯಾರಿಗೂ ಹೇಳಲಿಲ್ಲ. ನಾಟಕ ದಿನದಿಂದ ದಿನಕ್ಕೆ ಚೆನ್ನಾಗುತ್ತಿರುವಾಗ ದೂರು ಕೊಡುವುದಾದರೂ ಏನೆಂದು?

ಬುಧವಾರ ಬೆಳಿಗ್ಗೆ ತರಕಾರಿ ಗಾಡಿಯ ಹತ್ತಿರ ಆ ಸುಖವೆಲ್ಲ ಇಳಿದುಹೋಯಿತು. ನಾಲ್ಕನೇ ಆರ್‌ಟಿಯ ನಾಟಕ ಬರೆಯುವ ಬು ಹಾರ್ನಿ ಸೊಪ್ಪಿನ ಕಟ್ಟು ಮೂಸಿ ನೋಡುತ್ತಾ, ನಾಲ್ಕು ಹೆಂಗಸರ ಮುಂದೆ ಕತೆ ಹೇಳುತ್ತಿದ್ದಳು.

"ಆಡಿಗೆ ಸರೋಂಗ್ ಲುಂಗಿ ಸುತ್ತಿ, ಮುಸುಕು ಹಾಕಿ, ನಮ್ಮ ಅತ್ತಿಗೆ ಅಂತ ಕೂರಿಸಿರ್ತಾರೆ. ಗಣತಿಯವನು ಕೇಳ್ತಾನೆ, ಹುಟ್ಟಿದ ತಿಂಗಳು ಯಾವ್ದಮ್ಮಾ ಅಂತ. ಅದು 'ಮೇ' ಅನ್ನುತ್ತೆ! ಅವನು ಹಾಗೇ ಬರ್ಕೋತಾನೆ!"

ಹೆಂಗಸರು ನಕ್ಕರು. ಗಾಡಿಯವನೂ ತಕ್ಕಡಿ ಹಿಡಿದುಕೊಂಡೇ ನಕ್ಕ. ಮುರ್ಯಾತಿಗೆ ಮಾತ್ರ ಕೈಯಲ್ಲಿದ್ದ ಬದನೆಕಾಯಿ ಹಿಸುಕಿಹೋಗುವಷ್ಟು ಸಿಟ್ಟು ಬಂತು. ಆ ಮಾತು ಅವಳದು. ಅದನ್ನು ತಿದ್ದುವ ಕೈಯೂ ಮುಟ್ಟಿರಲಿಲ್ಲ. ತಾಲೀಮು ಇನ್ನೂ ಶುರುವಾಗಿರಲಿಲ್ಲ, ಒಬ್ಬ ಪಾತ್ರಧಾರಿಗೂ ಓದಿ ಹೇಳಿರಲಿಲ್ಲ.

"ಚೆನ್ನಾಗಿದೆಯಲ್ಲಾ ಬು ಹಾರ್ನಿ. ಎಲ್ಲಿ ಸಿಕ್ತು?" ಎಂದು ಮೆಲ್ಲಗೆ ಕೇಳಿದಳು.

"ಒಳ್ಳೆ ಮಾತು ಗಾಳೀಲಿ ಹಾರಾಡ್ತಿರುತ್ತೆ ಬು. ಹಿಡ್ಕೊಳ್ಳೋರಿಗೆ ಸಿಗುತ್ತೆ," ಎಂದು ಹಾರ್ನಿ ಸೊಪ್ಪು ಚೀಲಕ್ಕೆ ತುಂಬಿಕೊಂಡಳು.

ಮುರ್ಯಾತಿ ಮನೆಗೆ ಹೋಗಲೂ ಇಲ್ಲ. ತರಕಾರಿ ಚೀಲ ಹಿಡಿದು ನೆಟ್ಟಗೆ ಗಲ್ಲಿಯ ತುದಿಯ ಮನೆಗೆ, ಅಕ್ಕ ಎಂಬ ಹಾಗೆ ಎಲ್ಲರೂ ನಿಂಗ್ ಎಂದು ಕರೆಯುವ ರೆತ್ನೊಳ ಹತ್ತಿರ ನಡೆದಳು.

ರೆತ್ನೊ ಒಂದು ಕಾಲದಲ್ಲಿ ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು, ತನ್ನ ಮನೆಗೊಂದು ಇಂಟರ್‌ನೆಟ್ ಹಾಕಿಸಿಕೊಂಡು, ಅದನ್ನು ತಂತಿಯಲ್ಲಿ ಗಲ್ಲಿಯ ಹದಿನಾಲ್ಕು ಮನೆಗಳಿಗೆ ಹಂಚಿದ್ದಳು. ಬಟ್ಟೆ ಒಣಹಾಕುವ ಹಗ್ಗಗಳ ಜೊತೆಜೊತೆಯಲ್ಲೇ ಆ ನೀಲಿ ತಂತಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಎಲ್ಲ ಕೇಳಿಸಿಕೊಂಡು, ಮಗಳನ್ನು ಸೊಂಟಕ್ಕೇರಿಸಿಕೊಂಡು ಅವಳು ಮುರ್ಯಾತಿಯ ಜೊತೆಗೇ ಹೊರಟಳು.

ಕಂಪ್ಯೂಟರಿನ ಮುಂದೆ ಕೂತು ಎರಡು ನಿಮಿಷ ಆಗಿರಲಿಲ್ಲ. ರೆತ್ನೊಳ ಹುಬ್ಬು ಮೇಲೇರಿತು.

"ಬು, ಫೈರ್‌ವಾಲ್ ಆರಿಸಿದಾರೆ. ನಾನು ತಂತಿ ಹಾಕಿದ ದಿನ ಹಚ್ಚಿ ಹೋಗಿದ್ದೆ. ಯಾರು ಆರಿಸಿದ್ದು?"

ಪಾಕ್ ಸುತಾಜಿ ಸೂರಿನಲ್ಲಿದ್ದ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಪಾಕ್?" ಎಂದಳು ಮುರ್ಯಾತಿ.

"ಫೈರ್ ಅಂದ್ರೆ ಬೆಂಕಿ ಅಂತ ನಂಗೂ ಗೊತ್ತು," ಅಂದ ಸುತಾಜಿ. "ಮನೇಲಿ ಬೆಳಗಿಂದ ಸಂಜೆ ತನಕ ಎಣ್ಣೆ ಕುದೀತಿರುತ್ತೆ. ಇಲ್ಲಿ ನೋಡಿದ್ರೆ ಬೆಂಕಿಗೋಡೆ ಚಾಲೂ ಇದೆ ಅಂತ ಬರೆದಿತ್ತು. ಹೆದರಿಕೆಯಾಯ್ತು. ಆರಿಸ್ದೆ."

"ಅದೇ ದಿನ ಇಸ್ಪೀಟಿನ ಆಟಾನೂ ಶುರುವಾಗಿದೆಯಲ್ಲಾ," ಎಂದಳು ರೆತ್ನೊ ಪರದೆಯ ಮೇಲೆ ಬೆರಳಿಟ್ಟು.

ನಿಜ ಹೊರಬಿತ್ತು. ತನ್ನ ಮನೆಯಲ್ಲಿ ಕೂತೇ ಪಾಕ್ ಆರ್‌ಟಿಯ ಜೊತೆ ಇಸ್ಪೀಟಾಡಬಹುದು ಎಂದು ತಿಳಿದ ಸುತಾಜಿ ಆಟ ತೆರೆದಿದ್ದ. ಗೋಡೆ ಅಡ್ಡ ಬಂದಿತ್ತು. ಪಾಕ್ ಆರ್‌ಟಿ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಇವನು ಗೋಡೆಯನ್ನೇ ಕೆಡವಿದ್ದ. ಅದರ ಮೇಲೆ ಆರ್‌ಟಿ ಸಭೆಯ ನಡಾವಳಿ ಎಲ್ಲರೂ ಓದಲಿ ಎಂದು ಒಂದು ಕಡತಕೋಶವನ್ನು ಗಲ್ಲಿಗೆಲ್ಲ ತೆರೆದಿಟ್ಟಿದ್ದ. ಕಂಪ್ಯೂಟರ್ ಹಚ್ಚಿದರೆ ಮೊದಲು ಕಾಣುವುದು ಅದೇ ಆಗಿದ್ದರಿಂದ ಮುರ್ಯಾತಿ ನಾಟಕವನ್ನು ಅದರೊಳಗೇ ಇಟ್ಟಿದ್ದಳು.

"ಹದಿನಾಲ್ಕು ಮನೆಗೆ ಒಂದೇ ತಂತಿ ಬು," ಎಂದಳು ರೆತ್ನೊ. ಮಗು ಕೀಬೋರ್ಡಿಗೆ ಕೈ ಹಾಕಿದಾಗಲೆಲ್ಲ ಆ ಕೈಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು. "ಹದಿನಾಲ್ಕು ಕಂಪ್ಯೂಟರೂ ಒಂದೇ ಜಗಲೀಲಿ ಕೂತಂಗೆ. ಯಾರ ಜೇಬಿಗೆ ಯಾರು ಬೇಕಾದ್ರೂ ಕೈ ಹಾಕ್ಬಹುದು. ಹಾಕದ ಹಾಗೆ ತಡೆಯೋದೇ ಈ ಗೋಡೆ. ನೀವು ಕರೆದೋರು ಮಾತ್ರ ಒಳಗೆ ಬರ್ತಾರೆ, ಮಿಕ್ಕೋರು ಹೊರಗೇ."

ಗೋಡೆ ಮತ್ತೆ ಎದ್ದು ನಿಂತಿತು. ಕೋಶದ ಬಾಗಿಲೂ ಮುಚ್ಚಿತು. ಇನ್ನೊಂದು ಕೆಲಸವನ್ನೂ ರೆತ್ನೊ ಮಾಡಿದಳು: ಯಾರು ಬಂದು ತಟ್ಟಿದರೂ ಅವರ ನಂಬರು, ಹೊತ್ತು ಬರೆದಿಡುವ ಹಾಗೆ ಒಂದು ಪಟ್ಟಿಯನ್ನು ಗೋಡೆಗೆ ಕಟ್ಟಿದಳು. ಗಲ್ಲಿಯ ಪ್ರತಿ ಕಂಪ್ಯೂಟರಿಗೂ ಅವಳೇ ಕೊಟ್ಟ ಒಂದೊಂದು ನಂಬರಿತ್ತು.

ಅಂದಿನಿಂದ ಮನೆಯಲ್ಲಿ ಹೊಸ ಆಡಳಿತ ಶುರುವಾಯಿತು. ಯಾವ ತಂತ್ರಾಂಶ ಹೊರಗೆ ಕೈಚಾಚಿದರೂ ಒಂದು ಚೌಕ ಎದ್ದು, ಬಿಡಬೇಕೋ ಬೇಡವೋ ಎಂದು ಕೇಳುತ್ತಿತ್ತು. ಅರ್ಥವಾಗದ್ದಕ್ಕೆಲ್ಲ ಬೇಡ ಎನ್ನಿ ಎಂದು ರೆತ್ನೊ ಹೇಳಿಹೋಗಿದ್ದಳು. ಮುರ್ಯಾತಿ ಅರ್ಥವಾದದ್ದಕ್ಕೂ ಬೇಡ ಎಂದಳು. ಹಾಡು ಕೇಳಿಸುವುದಕ್ಕೆ ಬೇಡ. ಹಬ್ಬದ ದಿನ ತೋರಿಸುವ ಪಂಚಾಂಗಕ್ಕೆ ಬೇಡ. ಇಸ್ಪೀಟಿಗಂತೂ ಎರಡೆರಡು ಸಲ ಬೇಡ.

"ನಾನು ನಿನ್ನ ಗಂಡ ಕಣೇ," ಎಂದ ಸುತಾಜಿ.

"ಅದಕ್ಕೇ ನಿಮ್ಮನ್ನ ಒಳಗೆ ಬಿಟ್ಟಿದೀನಿ. ಆಟನ ಬಿಟ್ಟಿಲ್ಲ."

ಶುಕ್ರವಾರ ರೆತ್ನೊ ಬಂದು ಪಟ್ಟಿ ತೆರೆದು ನೋಡಿದಳು. ಇಬ್ಬರು ತಟ್ಟಿದ್ದರು. ಐದನೇ ನಂಬರು ನಿಮಿಷಕ್ಕೊಂದು ಸಲ, ಉಸಿರು ಬಿಡದೆ, ಬೆಳಗಿನಿಂದ ಸಂಜೆವರೆಗೆ. ಹನ್ನೊಂದನೇ ನಂಬರು ದಿನಕ್ಕೆ ಒಂದು ಸಲ, ಇಳಿಹೊತ್ತಿನ ಪ್ರಾರ್ಥನೆ ಮುಗಿದ ಮೇಲೆ, ನಾಲ್ಕೂವರೆಯ ಸುಮಾರಿಗೆ. ಸ್ವಲ್ಪ ಕಾದು, ಸುಮ್ಮನಾಗಿತ್ತು.

"ಐದನೇದು ಮನುಷ್ಯರದ್ದಲ್ಲ ಬು," ಎಂದಳು ರೆತ್ನೊ, ಮುಖ ಗಂಭೀರ ಮಾಡಿಕೊಂಡು. "ಕಾಯಿಲೆ ಅದು. ವೈರಸ್ ಹತ್ತಿದೆ ಆ ಕಂಪ್ಯೂಟರಿಗೆ. ತನಗೆ ಹತ್ತಿದ್ದನ್ನ ಗಲ್ಲಿಗೆಲ್ಲ ಹತ್ತಿಸೋಕೆ ಎಲ್ಲರ ಬಾಗಿಲನ್ನೂ ಅಲ್ಲಾಡಿಸ್ತಿದೆ. ಇನ್ನೊಂದು ವಾರ ಗೋಡೆ ಇಲ್ದೇ ಇದ್ದಿದ್ರೆ ನಿಮ್ಮ ಚೀಟಿ, ನಾಟಕ ಎಲ್ಲಾ ಹೋಗಿರ್ತಿತ್ತು. ಈಗಲೇ ಹೋಗಿ ತೊಳೀಬೇಕು ಅದನ್ನ."

"ಹನ್ನೊಂದು?"

"ಅದು ಮನುಷ್ಯರದ್ದೇ."

"ಯಾರ ಮನೆ ಅದು?"

ರೆತ್ನೊ ತಲೆ ಅಲ್ಲಾಡಿಸಿದಳು. "ಅದೊಂದು ಕೇಳ್ಬೇಡಿ ಬು. ಎಲ್ಲರ ಮನೆಗೂ ಹೋಗೋ ತಂತಿ ನನ್ನ ಕೈಲಿದೆ. ಒಬ್ಬರದ್ದು ಇನ್ನೊಬ್ಬರಿಗೆ ಹೇಳೋಕೆ ಶುರು ಮಾಡಿದ್ರೆ ನಾಳೆ ಯಾರೂ ನನ್ನನ್ನ ಮನೆಯೊಳಗೆ ಬಿಡಲ್ಲ."

ಹೀಗೆಂದು ಅವಳು ಚೀಲದಿಂದ ಒಂದು ಸಿ.ಡಿ. ತೆಗೆದುಕೊಂಡು, ಮಗುವನ್ನೆತ್ತಿಕೊಂಡು ಹೊರಟಳು. ಮುರ್ಯಾತಿ ಕಿಟಕಿಯ ಪರದೆ ಸರಿಸಿ ನೋಡಿದಳು. ರೆತ್ನೊ ನೇರ ಹೋಗಿ ಹೊಕ್ಕದ್ದು ಪಾಕ್ ಆರ್‌ಟಿಯ ಮನೆ.

ತಾನು ಕೇಳಿದ್ದು ಹನ್ನೊಂದರ ಬಗ್ಗೆ, ರೆತ್ನೊ ಹೋಗಿದ್ದು ಐದನ್ನು ತೊಳೆಯಲು ಎಂಬುದು ಆ ಕೋಪದಲ್ಲಿ ಅವಳ ತಲೆಗೇ ಹೋಗಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದಷ್ಟೇ ಅನ್ನಿಸಿತು. ಗೋಡೆ ಆರಿಸಲು ಹೇಳಿಕೊಟ್ಟವನೂ ಅವನೇ, ಗಣತಿ ಅಧಿಕಾರಿಯ ಪಾತ್ರ ಬೇಕೆಂದು ಪಟ್ಟು ಹಿಡಿದವನೂ ಅವನೇ. ಮರುದಿನ ಬೆಳಿಗ್ಗೆ ಅವನು ಅಂಗಳದಲ್ಲಿ ಹಕ್ಕಿ ಪಂಜರ ತೊಳೆಯುತ್ತಿದ್ದಾಗ ಮುರ್ಯಾತಿ ಹೋಗಿ ಎದುರಿಗೆ ನಿಂತಳು.

"ಪಾಕ್ ಆರ್‌ಟಿ, ನನಗೆಲ್ಲಾ ಗೊತ್ತಾಗಿದೆ."

ಪಾಕ್ ಆರ್‌ಟಿಯ ಕೈಯಿಂದ ನೀರಿನ ಮಗ್ಗು ಜಾರಿತು. ಸುತ್ತ ನೋಡಿ, ದನಿ ತಗ್ಗಿಸಿದ.

"ಸುತಾಜಿಗೂ ಗೊತ್ತಾ?"

"ಇಲ್ಲ. ಮೊದಲು ನಿಮ್ಮ ಬಾಯಿಂದಲೇ ಬರಲಿ."

"ತಪ್ಪಾಯ್ತು ಬು. ಮೊದಲನೇ ವಾರ ನಾನೇ ಆಡಿದ್ದು. ಎಲ್ಲಾ ಸೋತೆ. ಆಮೇಲೆ ನನ್ನ ಸೊಸೆ, ನಾನು ಆಡ್ಲಾ ಮಾವ ಅಂದಳು. ಅವತ್ತಿಂದ ಆಡ್ತಿದ್ದದ್ದೆಲ್ಲಾ ಅವಳೇ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡೀತಿದ್ದೆ ಅಷ್ಟೇ."

ಏಳು ತಿಂಗಳಿಂದ ಪ್ರತಿದಿನ ಸೋತು, ಪಾಕ್ ಆರ್‌ಟಿಯ ತಲೆಯೇ ತಲೆ ಎಂದು ಹೊಗಳುತ್ತಿದ್ದ ತನ್ನ ಗಂಡನ ನೆನಪಾಗಿ ಮುರ್ಯಾತಿಗೆ ಅಲ್ಲಿಯೇ ನಗು ಉಕ್ಕಿತು. ನಾಟಕದ ವಿಷಯ ಎತ್ತದೆ, ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಮನೆಗೆ ಬಂದಳು. ಬಂದು ಯೋಚಿಸಿದಾಗ ಐದಕ್ಕೂ ಹನ್ನೊಂದಕ್ಕೂ ಇರುವ ವ್ಯತ್ಯಾಸ ಹೊಳೆದು, ಇನ್ನಷ್ಟು ನಾಚಿಕೆಯಾಯಿತು.

ತಾಲೀಮು ಭಾನುವಾರ ಶುರುವಾಯಿತು. ಸುತಾಜಿ ಮನೆಯ ಮುದುಕ, ಪಾಕ್ ಆರ್‌ಟಿ ಗಣತಿ ಅಧಿಕಾರಿ, ರೆತ್ನೊಳ ಗಂಡ ಆಡು. ತಿದ್ದುವ ಕೈ ಮುಟ್ಟಿದ್ದ ಜಾಗಗಳಲ್ಲೆಲ್ಲ ನೋಡಲು ಬಂದವರು ಬಿದ್ದು ಬಿದ್ದು ನಕ್ಕರು. ಕೊನೆಯ ಅಂಕ ಗೋಡೆ ಎದ್ದ ಮೇಲೆ ಬರೆದದ್ದು, ಪೂರ್ತಿ ಮುರ್ಯಾತಿಯದೇ. ಅದರಲ್ಲಿ ಅಧಿಕಾರಿ ಆಡನ್ನು ಪತ್ತೆ ಹಚ್ಚಿ, ಸತ್ಯ ನುಡಿಯುವುದರ ಬಗ್ಗೆ ಹದಿನೆಂಟು ಸಾಲು ಮಾತಾಡುತ್ತಾನೆ, ಎಲ್ಲರೂ ತಲೆ ತಗ್ಗಿಸುತ್ತಾರೆ. ಆರನೇ ಸಾಲಿಗೆ ಬಂದಾಗ ಮುಂದೆ ಕೂತಿದ್ದ ಹೆಂಗಸೊಬ್ಬಳು ಎದ್ದು, "ಒಲೆ ಮೇಲೆ ಅನ್ನ ಇಟ್ಟಿದ್ದೆ," ಎಂದು ಹೊರಟಳು. ಅವಳ ಹಿಂದೆ ಇನ್ನಿಬ್ಬರ ಅನ್ನವೂ ನೆನಪಾಯಿತು.

ಆ ಸಂಜೆ ಮುರ್ಯಾತಿ ಗೋಡೆಯ ಪಟ್ಟಿಯನ್ನು ತಾನೇ ತೆರೆದಳು. ಐದನೇ ನಂಬರು ತಣ್ಣಗಾಗಿತ್ತು. ಹನ್ನೊಂದು ಮಾತ್ರ ಅಂದೂ ಬಂದಿತ್ತು: ನಾಲ್ಕು ಗಂಟೆ ಮೂವತ್ತೆರಡು ನಿಮಿಷಕ್ಕೆ. ಗೋಡೆ ಎದ್ದ ಮೇಲೂ ಒಂದು ದಿನ ತಪ್ಪಿಸದೆ ಬಂದು, ಮುಚ್ಚಿದ ಬಾಗಿಲು ನೋಡಿ ವಾಪಸು ಹೋಗುತ್ತಿದ್ದವರನ್ನು ನೆನೆದು ಅವಳ ಮನಸ್ಸಿಗೆ ಒಂಥರಾ ಆಯಿತು. ಮರುದಿನ ರೆತ್ನೊಳನ್ನು ಕರೆಸಿದಳು.

"ಹನ್ನೊಂದಕ್ಕೆ ಬಾಗಿಲು ತೆಗಿ ನಿಂಗ್. ಅವರೊಬ್ಬರಿಗೇ. ನಾಟಕ ಒಂದನ್ನೇ ಮುಟ್ಟೋ ಹಾಗೆ."

"ಕಳ್ಳರಿಗೆ ಬಾಗಿಲು ತೆಗೀತೀರಾ ಬು?"

"ಕಳ್ಳರಾದ್ರೆ ತಗೊಂಡು ಹೋಗ್ತಿದ್ರು. ಇವರು ಇಟ್ಟು ಹೋಗಿದಾರೆ."

ರೆತ್ನೊ ನಕ್ಕು, ಗೋಡೆಯಲ್ಲಿ ಅಷ್ಟೇ ಅಗಲದ ಒಂದು ಕಿಂಡಿ ತೆಗೆದುಕೊಟ್ಟಳು. ಒಂದು ನಂಬರು, ಒಂದು ಕೋಶ, ಮಿಕ್ಕದ್ದೆಲ್ಲ ಭದ್ರ. ಮುರ್ಯಾತಿ ಕೊನೆಯ ಅಂಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: "ನೀವು ಯಾರೋ ನನಗೆ ಗೊತ್ತಿಲ್ಲ. ಈ ಅಂಕ ಕೈಕೊಟ್ಟಿದೆ, ನೋಡಿ. ಆದರೆ ಅದಕ್ಕೆ ಮುಂಚೆ, ಆಡಿನ ಮಾತು ನಾಲ್ಕನೇ ಆರ್‌ಟಿಗೆ ಹೋದದ್ದು ಹೇಗೆ ಅಂತ ಹೇಳಿ."

ಮಂಗಳವಾರ ಉತ್ತರವಿಲ್ಲ. ಪಟ್ಟಿಯಲ್ಲೂ ಹನ್ನೊಂದರ ಗುರುತಿಲ್ಲ. ಬುಧವಾರ ಸಂಜೆ ಕೋಶ ತೆರೆದರೆ ಅವಳ ಸಾಲಿನ ಕೆಳಗೆ ಬರಹವಿತ್ತು.

"ಬು, ತಪ್ಪು ನನ್ನದೇ. ಹೋದ ತಿಂಗಳು ಮಂಗಳವಾರ ಆಸ್ಪತ್ರೆಯ ಸಾಲಿನಲ್ಲಿ ಕೂತಿದ್ದೆ. ಸೆಕೆ. ಫ್ಯಾನು ತಿರುಗುತ್ತಿರಲಿಲ್ಲ. ಮೂವತ್ತು ಜನ ಮೂವತ್ತು ಮುಖ ಜೋತುಹಾಕಿಕೊಂಡು ಕೂತಿದ್ದರು. ಬಾಯಿ ತಡೆಯಲಾಗಲಿಲ್ಲ, ಆಡಿನ ಮಾತು ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಆ ಪೈಕಿ ನಾಲ್ಕನೇ ಆರ್‌ಟಿಯವರು ಇದ್ದದ್ದು ಆಮೇಲೆ ಗೊತ್ತಾಯಿತು. ಕೊನೆಯ ಅಂಕ ಕೆಳಗಿದೆ. ಆಡಿನ ವೇಷದವರಿಗೆ ಹೇಳಿ: ಜನ ನಗುವಾಗ ಅಲ್ಲಾಡಬಾರದು, ಎರಡು ಉಸಿರು ಕಾಯಬೇಕು."

ಹದಿನೆಂಟು ಸಾಲಿನ ಭಾಷಣ ಹೋಗಿತ್ತು. ಹೊಸ ಅಂಕದಲ್ಲಿ ಅಧಿಕಾರಿಗೆ ಆಡು ಎಂದು ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ಮೊಹರು ಬಿದ್ದಾಗಿದೆ, ಅಳಿಸುವ ಹಾಗಿಲ್ಲ. ಅವನು ತಲೆ ಚಚ್ಚಿಕೊಳ್ಳುತ್ತಿರುವಾಗ ಆಡು ಒಂದು ಹಾಳೆಯನ್ನು ಮೆಲ್ಲಗೆ ಜಗಿದು ನುಂಗುತ್ತದೆ. ಯಾವ ಹಾಳೆ ಎಂದು ನೋಡಿದರೆ, ಪಾಕ್ ಆರ್‌ಟಿಯ ಸಂಸಾರದ್ದು. ಸರ್ಕಾರದ ಲೆಕ್ಕದಲ್ಲಿ ಇನ್ನು ಮೇಲೆ ಆಡು ಇದೆ, ಪಾಕ್ ಆರ್‌ಟಿ ಇಲ್ಲ.

ಮುರ್ಯಾತಿ ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಕೂತು ಲೆಕ್ಕ ಹಾಕಿದಳು. ಮಂಗಳವಾರ, ಆಸ್ಪತ್ರೆ. ಗಲ್ಲಿಯಲ್ಲಿ ಪ್ರತಿ ಮಂಗಳವಾರ ಬೆಚಾಕ್ ಎಂಬ ಸೈಕಲ್ ರಿಕ್ಷಾ ಬಂದು ನಿಲ್ಲುವುದು ಒಂದೇ ಮನೆಯ ಮುಂದೆ, ಕಿತ್ತಳೆ ಬಣ್ಣದ ಗೇಟಿನ ಮನೆ. ಆರು ತಿಂಗಳ ಹಿಂದೆ ಆ ಮನೆಯ ಹೆಂಗಸು ತನ್ನ ತಂದೆಯನ್ನು ಕರೆತಂದು ಇಟ್ಟುಕೊಂಡಿದ್ದಳು. ಕಾಲು ಸೋತ ಮುದುಕ ಎಂಬುದು ಬಿಟ್ಟರೆ ಗಲ್ಲಿಗೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ.

ಬಿಸಿ ಚಿಪ್ಸಿನ ಡಬ್ಬಿ ಹಿಡಿದು ಅವಳು ಹೋದಳು. ಮಗಳು ಒಳಗೆ ಕರೆದು ಹಿಂದಿನ ಕೋಣೆ ತೋರಿಸಿದಳು. ಕಿಟಕಿಯ ಪಕ್ಕ ಹಳೆಯ ಕಂಪ್ಯೂಟರ್, ಅದರ ಮುಂದೆ ಕುರ್ಚಿಯಲ್ಲಿ ಒಬ್ಬ ತೆಳ್ಳನೆಯ ಮುದುಕ ಮೊಣಕಾಲು ಜೋಡಿಸಿ, ಸರೋಂಗಿನ ಅಂಚು ಅಚ್ಚುಕಟ್ಟಾಗಿ ಮಡಿಸಿ ಕೂತಿದ್ದ. ಎಪ್ಪತ್ತು ದಾಟಿದ ಮುಖದಲ್ಲಿ ಹುಬ್ಬುಗಳು ಮಾತ್ರ ಬಳೆಯ ಹಾಗೆ ಸಣ್ಣಗೆ ತೀಡಿದಂತಿದ್ದವು. ಆ ಹುಬ್ಬು ನೋಡಿದ್ದೇ ಮುರ್ಯಾತಿಗೆ ಎಲ್ಲಾ ತಿಳಿಯಿತು. ಲುದ್ರುಕ್ ನಾಟಕದಲ್ಲಿ ಹೆಣ್ಣು ವೇಷ ಕಟ್ಟುವ ಗಂಡಸರದಲ್ಲದೆ ಇನ್ನಾರದೂ ಅಂಥ ಹುಬ್ಬಲ್ಲ.

"ಹನ್ನೊಂದನೇ ನಂಬರಿನವರು ನೀವೇನಾ?" ಎಂದಳು.

ಮುದುಕ ತಬ್ಬಿಬ್ಬಾದ. ದನಿ ಒಡೆದು ಕರಕರ ಎನ್ನುತ್ತಿತ್ತು. "ಚಾಕ್ ಸರ್ಪಾನ್ ಅಂತಾರೆ ಬು. ಪೊಲೀಸಿಗೆ ಹೇಳಿಬಿಟ್ರಾ?"

"ಹೇಳಿದ್ರೆ ಅವರು ನಿಮ್ಮನ್ನ ಹಿಡ್ಕೊಂಡು ಹೋಗಿ ತಮ್ಮ ನಾಟಕ ತಿದ್ದಿಸ್ಕೋತಿದ್ರು. ತಗೊಳ್ಳಿ, ಬಿಸಿ ಇದೆ."

ಚಾಕ್ ಅಂದರೆ ಅಣ್ಣ. ಚಾಕ್ ಸರ್ಪಾನ್ ಒಂದು ಚಿಪ್ಸ್ ಮುರಿದು ಬಾಯಿಗಿಟ್ಟುಕೊಂಡ. ನಲವತ್ತು ವರ್ಷ ತಂಡದ ಜೊತೆ ಊರೂರು ತಿರುಗಿ ಅತ್ತೆ, ಸೊಸೆ, ರಾಣಿ, ಬಜಾರಿ ಎಲ್ಲಾ ಆಗಿದ್ದವನು. ಗಂಟಲಿಗೆ ಏನೋ ಆಗಿ ದನಿ ಹೋಯಿತು, ಆಮೇಲೆ ಕಾಲು ಸೋತಿತು. ಮೊಮ್ಮಗಳ ಹಳೆಯ ಕಂಪ್ಯೂಟರಿನಲ್ಲಿ ಅದೂ ಇದೂ ಒತ್ತುತ್ತಿದ್ದಾಗ ಒಂದು ದಿನ ಪಕ್ಕದ ಮನೆಗಳ ಪಟ್ಟಿ ಕಂಡಿತ್ತು. ಒಂದರ ಮೇಲೆ ಒತ್ತಿದರೆ ನಾಟಕ!

"ಚಿಲಕಾನೇ ಇರ್ಲಿಲ್ಲ ಬು. ಎಲ್ಲರೂ ಓದ್ಲಿ ಅಂತ ಇಟ್ಟಿದಾರೆ ಅಂದ್ಕೊಂಡೆ."

"ಓದೋದು ಸರಿ. ತಿದ್ದೋದು?"

"ಅದು... ಕೈ ತಡೀಲಿಲ್ಲ. ಆ ಮುದುಕ 'ನಾನೇ ಸ್ವಾಮಿ' ಅಂತ ಅಷ್ಟು ಸಪ್ಪೆಯಾಗಿ ನಿಂತಿರೋದನ್ನ ನೋಡೋಕಾಗ್ಲಿಲ್ಲ."

"ಮನೆಗೇ ಬಂದು ಹೇಳ್ಬಹುದಿತ್ತಲ್ಲಾ ಚಾಕ್?"

ಅವನು ಕಿಟಕಿಯ ಕಡೆ ನೋಡಿದ. "ಇಂಥವನು ಅಂತ ಗೊತ್ತಾದ್ರೆ ಒಂದು ಹಾಡು ಹೇಳಿ ಅಂತಾರೆ. ಈ ಗಂಟಲಲ್ಲಿ ಏನು ಹೇಳಲಿ? ಗೊತ್ತಾಗ್ದೇ ಇದ್ರೆ ಯಾರೂ ಕೇಳಲ್ಲ."

"ನಮ್ಮ ನಾಟಕದಲ್ಲಿ ಹಾಡೇ ಇಲ್ಲ," ಎಂದಳು ಮುರ್ಯಾತಿ. "ಕುರ್ಚಿ ಇದೆ. ನಾಳೆ ತಾಲೀಮಿಗೆ ಬಂದು ಕೂತ್ಕೊಳ್ಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಬಂದ. ಮೊದಲ ದಿನ ಸುಮ್ಮನೆ ಕೂತ. ಎರಡನೇ ದಿನ ರೆತ್ನೊಳ ಗಂಡನಿಗೆ ಆಡು ಹೇಗೆ ಕುತ್ತಿಗೆ ತಿರುಗಿಸುತ್ತದೆಂದು ಕೂತಲ್ಲೇ ತೋರಿಸಿದ. ಗಲ್ಲಿಯ ಮಕ್ಕಳು ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗಿದರು. ಮೂರನೇ ದಿನ ಪಾಕ್ ಆರ್‌ಟಿಯನ್ನು "ನೀವು ಅಧಿಕಾರಿ ಥರ ಆಡ್ಬೇಡಿ, ಅಧಿಕಾರಿ ಆಗ್ಬಿಡಿ," ಎಂದು ಗದರಿಸಿದ. ಯಾರೂ ಅವನನ್ನು ಹಾಡು ಎಂದು ಕೇಳಲಿಲ್ಲ. ಮುರ್ಯಾತಿ ಮನೆಮನೆಗೂ ಹೋಗಿ ಎಚ್ಚರಿಕೆ ಕೊಟ್ಟುಬಂದಿದ್ದಳು.

ಆಗಸ್ಟ್ ಹದಿನೇಳರ ಸಂಜೆ, ಕೆಂಪು ಬಿಳಿ ಪತಾಕೆ ಕಟ್ಟಿದ ಮೈದಾನದಲ್ಲಿ ನಾಲ್ಕೂ ಗಲ್ಲಿಗಳು ಸೇರಿದವು. ಚೀಟಿ ಎತ್ತಿದಾಗ ನಾಲ್ಕನೇ ಆರ್‌ಟಿಗೆ ಮೊದಲ ಸರದಿ ಬಂತು. ಅವರ ನಾಟಕ ಯಾವುದೋ ಮದುವೆಯದು. ಆದರೂ ಬು ಹಾರ್ನಿ ಎಲ್ಲಿಂದಲೋ ಒಂದು ಆಡನ್ನೂ ಒಬ್ಬ ಗಣತಿಯವನನ್ನೂ ನುಗ್ಗಿಸಿಯೇ ಬಿಟ್ಟಳು.

"ಹುಟ್ಟಿದ ತಿಂಗಳು?"

"ಮೇ!"

ಮೈದಾನ ನಕ್ಕಿತು. ಪರದೆಯ ಹಿಂದೆ ಮೂರನೇ ಆರ್‌ಟಿಯವರ ಮುಖಗಳು ಇಳಿದುಹೋದವು. ರೆತ್ನೊಳ ಗಂಡ ಕೊಂಬು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಈಗ ನಾನು ಹೋಗಿ ಅದನ್ನೇ ಹೇಳಿದ್ರೆ ನಾವೇ ಕದ್ದೋರಾಗ್ತೀವಿ ಬು."

"ಕೊಂಬು ಕಟ್ಕೋ," ಎಂದ ಚಾಕ್ ಸರ್ಪಾನ್ ಕುರ್ಚಿಯಿಂದ. ಅವನ ಕಣ್ಣು ಹೊಳೆಯುತ್ತಿತ್ತು. "ಪಾಕ್ ಸುತಾಜಿ, ಇಲ್ಲಿ ಬನ್ನಿ. ಕಿವಿ ಕೊಡಿ."

ಸರದಿ ಬಂದು ಪರದೆ ಎದ್ದಿತು. ಮನೆಯ ಯಜಮಾನನ ಮಾತಿಗೇ ಹೆಂಗಸರ ಕಡೆಯಿಂದ ಕೇಕೆ ಬಿತ್ತು. ಆಡು ಮುಸುಕು ಹೊದ್ದು ಬಂದು ಕೂತಿತು. ಪಾಕ್ ಆರ್‌ಟಿ ಪೆನ್ನು ಬಾಯಲ್ಲಿಟ್ಟು, ಪೂರ್ತಿ ಅಧಿಕಾರಿಯೇ ಆಗಿ ಕೇಳಿದ.

"ಹುಟ್ಟಿದ ತಿಂಗಳು ಯಾವುದಮ್ಮಾ?"

ಜನ ಗುಸುಗುಸು ಎಂದಿತು. ಇದನ್ನು ಈಗ ತಾನೇ ಕೇಳಿದ್ದೆವಲ್ಲ ಎಂದು ಯಾರೋ ಕೂಗಿದರು. ಆಡು ಬಾಯಿ ಬಿಡಲಿಲ್ಲ. ಒಂದು ಉಸಿರು, ಎರಡು ಉಸಿರು. ಸುತಾಜಿ ಮುಂದೆ ಬಂದು ಸಂಕೋಚದಿಂದ ಕೈ ಹಿಸುಕಿಕೊಂಡ.

"ಅವಳು ಈಗಷ್ಟೇ ನಾಲ್ಕನೇ ಆರ್‌ಟೀಲಿ ಬರೆಸಿ ಬಂದಿದಾಳೆ ಸ್ವಾಮಿ. ಒಂದೇ ತಲೆನ ಎರಡು ಕಡೆ ಎಣಿಸಿದ್ರೆ ಸರ್ಕಾರ ಸುಮ್ನಿರುತ್ತಾ?"

ಆ ನಗು ಮೈದಾನದ ಆ ತುದಿಯಿಂದ ಎದ್ದು ಈ ತುದಿಗೆ ಬಂತು. ನಾಲ್ಕನೇ ಆರ್‌ಟಿಯವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಬು ಹಾರ್ನಿ ಮೊದಲು ಮುಖ ಮುಚ್ಚಿಕೊಂಡಳು, ಆಮೇಲೆ ಅವಳ ಭುಜವೂ ಕುಣಿಯತೊಡಗಿತು. ಪರದೆಯ ಪಕ್ಕ ಚಾಕ್ ಸರ್ಪಾನ್ ಕಣ್ಣು ಮುಚ್ಚಿ, ಒಳ್ಳೆಯ ಸಂಗೀತ ಕೇಳುವವನ ಹಾಗೆ ತಲೆದೂಗುತ್ತಿದ್ದುದನ್ನು ಮುರ್ಯಾತಿ ಕಂಡಳು. ಆಡು ಪಾಕ್ ಆರ್‌ಟಿಯ ಹಾಳೆಯನ್ನು ನುಂಗುವ ಹೊತ್ತಿಗೆ ಯಾರಿಗೂ ಮಾತು ಕೇಳಿಸುವ ಸ್ಥಿತಿಯಿ​ರಲಿಲ್ಲ.

ಮೊದಲ ಬಹುಮಾನ ಎರಡನೇ ಆರ್‌ಟಿಯ ಪುಟ್ಟ ಮಕ್ಕಳ ನೃತ್ಯಕ್ಕೆ ಹೋಯಿತು. ಪುಟ್ಟ ಮಕ್ಕಳು ಕುಣಿದರೆ ತೀರ್ಪುಗಾರರು ಬೇರೆ ಏನು ತಾನೇ ಮಾಡಿಯಾರು? ಮೂರನೇ ಆರ್‌ಟಿಗೆ ಒಂದು ಬಿಸಿನೀರಿನ ಫ್ಲಾಸ್ಕ್ ಬಂತು. ಅದನ್ನು ಎಲ್ಲರೂ ಸೇರಿ ಚಾಕ್ ಸರ್ಪಾನನ ತೊಡೆಯ ಮೇಲಿಟ್ಟರು.

ಆ ವಾರ ರೆತ್ನೊ ಹದಿನಾಲ್ಕೂ ಮನೆ ಸುತ್ತಿ ಎಲ್ಲರ ಗೋಡೆಗಳನ್ನೂ ಎಬ್ಬಿಸಿದಳು. ಸುತಾಜಿಯ ಇಸ್ಪೀಟಿಗೆ ಮುರ್ಯಾತಿಯ ಒಪ್ಪಿಗೆಯ ಮೇರೆಗೆ ಒಂದು ಕಿಂಡಿ ಸಿಕ್ಕಿತು. ಸೊಸೆಯ ಗುಟ್ಟನ್ನು ಮುರ್ಯಾತಿ ಇನ್ನೂ ಒಡೆದಿರಲಿಲ್ಲ. ಅದಕ್ಕೊಂದು ಒಳ್ಳೆಯ ಸಮಯ ಕಾಯುತ್ತಿದ್ದಳು.

ಹನ್ನೊಂದರ ಕಿಂಡಿ ಮುಚ್ಚಲು ಹೇಳಿದವನು ಚಾಕ್ ಸರ್ಪಾನನೇ. ನಾಲ್ಕು ಕಾಲಿನ ಊರುಗೋಲು ಊರಿಕೊಂಡು ಅವನು ಒಂದು ಸಂಜೆ ಅವಳ ಮನೆಯವರೆಗೂ ನಡೆದು ಬಂದಿದ್ದ. ನಲವತ್ತು ಹೆಜ್ಜೆಯ ದಾರಿಗೆ ಕಾಲು ಗಂಟೆ ಹಿಡಿದಿತ್ತು, ದಾರಿಯುದ್ದಕ್ಕೂ ಜಗಲಿಗಳಲ್ಲಿ ಕೂತವರು ಅವನನ್ನು ನಿಲ್ಲಿಸಿ ಮಾತಾಡಿಸಿದ್ದರು.

"ಅಲ್ಲಿಂದಾನೇ ಒಳಗೆ ಬರೋಕೆ ಸಿಕ್ರೆ ನಾನು ಕಾಲು ಎತ್ತಿಡಲ್ಲ ಬು," ಎಂದ ಏದುಸಿರು ಬಿಡುತ್ತಾ. "ಡಾಕ್ಟರು ದಿನಾ ನಡೀಬೇಕು ಅಂದಿದಾರೆ. ಮುಚ್ಚಿಬಿಡಿ."

ಮುರ್ಯಾತಿ ಅವನ ಎದುರಿಗೇ ಮುಚ್ಚಿದಳು. ಈಗ ಅದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಚಹಾ ತಂದಿಟ್ಟು, ಬರುವ ವರ್ಷದ ನಾಟಕಕ್ಕೆ ಒಂದು ಯೋಚನೆ ಬಂದಿದೆ ಎಂದಳು. ಒಬ್ಬ ಮದುಮಗ, ಇಬ್ಬರು ಮದುಮಗಳು, ಒಂದೇ ಚಪ್ಪರ.

ಚಾಕ್ ಸರ್ಪಾನ್ ಚಹಾ ಹೀರಿ, ಸಣ್ಣ ಹುಬ್ಬುಗಳನ್ನು ಗಂಟಿಕ್ಕಿದ.

"ಒಬ್ಬಳು ಸಾಕು ಬು. ಇನ್ನೊಬ್ಬಳು ಬರ್ತಿದಾಳೆ, ಬರ್ತಿದಾಳೆ ಅಂತ ಕೊನೇ ತನಕ ಹೆದರಿಸ್ತಾ ಇರಿ."

"ಬರೋದೇ ಇಲ್ವಾ?"

"ಬಂದ್ರೆ ಭಯ ಹೋಗ್ಬಿಡುತ್ತೆ."

"ಇಲ್ಲ ಚಾಕ್, ಜನ ಕಾದಿರ್ತಾರೆ, ಬರ್ಲೇಬೇಕು," ಎಂದು ಮುರ್ಯಾತಿ ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರ ವಾದ ಜೋರಾಯಿತು.